ಮಗುವಿನ ಉಸಿರು, ಶಾಲೆಯ ಹೊಣೆ

ಕನ್ನಡ ಮಾತಿನಲ್ಲಿ ಉಸಿರಿಗೆ ದೊರೆತಿರುವಷ್ಟು ಗೌರವ ಬೇರೆ ಯಾವ ದೇಹವ್ಯಾಪಾರಕ್ಕೂ ದೊರೆತಂತಿಲ್ಲ. ಬದುಕಿರುವವರೆಗೆ ಎನ್ನುವುದಕ್ಕೆ ಜನ 'ಉಸಿರಿರುವ ತನಕ' ಎನ್ನುತ್ತಾರೆ. ಬಿಡುವಿಲ್ಲದ ದುಡಿಮೆಯನ್ನು 'ಉಸಿರಾಡಲೂ ಪುರುಸೊತ್ತಿಲ್ಲ' ಎಂದು ಬಣ್ಣಿಸುತ್ತಾರೆ. ಗುಟ್ಟನ್ನು ಯಾರಿಗೂ ಹೇಳಬೇಡ ಎನ್ನುವಾಗ 'ಉಸಿರು ಬಿಡಬೇಡ' ಎಂದು ಎಚ್ಚರಿಸುತ್ತಾರೆ. ಮಾತಿಗೂ ಉಸಿರಿಗೂ ಇರುವ ಬಿಡಿಸಲಾಗದ ನಂಟು ಈ ನುಡಿಗಟ್ಟುಗಳಲ್ಲಿಯೇ ಅಡಗಿದೆ. ವ್ಯಾಕರಣಕಾರರು ಸಹ ಅಕ್ಷರಗಳನ್ನು ವಿಂಗಡಿಸುವಾಗ ಉಸಿರನ್ನೇ ಅಳತೆಗೋಲಾಗಿ ಹಿಡಿದು, ಅಲ್ಪ ಉಸಿರಿನಿಂದ ಹುಟ್ಟುವವನ್ನು ಅಲ್ಪಪ್ರಾಣಗಳೆಂದೂ ಹೆಚ್ಚು ಉಸಿರನ್ನು ಬೇಡುವವನ್ನು ಮಹಾಪ್ರಾಣಗಳೆಂದೂ ಕರೆದರು. ಇಷ್ಟಾಗಿಯೂ, ಉಸಿರಿನ ಬಲವೇ ಕುಂದಿರುವ ಮಗುವೊಂದು ಶಾಲೆಯ ಬಾಗಿಲಿಗೆ ಬಂದಾಗ ಆ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲವೆಂಬುದು ವಿಷಾದದ ಸಂಗತಿ.

ಸೆರೆಬ್ರಲ್ ಪಾಲ್ಸಿ ಎಂದು ವೈದ್ಯಲೋಕ ಕರೆಯುವ, ಕನ್ನಡದಲ್ಲಿ ಮೆದುಳಿನ ಪಾರ್ಶ್ವವಾಯು ಎಂದು ಹೇಳಲಾಗುವ ಸ್ಥಿತಿಯುಳ್ಳ ಮಕ್ಕಳು ಇಂತಹವರು. ಇವರನ್ನು ಕಂಡೊಡನೆ ಎಲ್ಲರ ದೃಷ್ಟಿ ಮೊದಲು ಕಾಲುಗಳ ಮೇಲೆ ಬೀಳುತ್ತದೆ, ಅನಂತರ ಕೈಗಳ ಮೇಲೆ, ಆಮೇಲೆ ಮಾತಿನ ಮೇಲೆ. ಎದೆಗೂಡಿನತ್ತ ನೋಡುವವರು ವಿರಳ. ಆದರೆ ಈ ಮಕ್ಕಳ ಆರೋಗ್ಯ, ಮಾತು, ಆಯುಷ್ಯ ಇವೆಲ್ಲವೂ ಬಹುಮಟ್ಟಿಗೆ ಆ ಎದೆಗೂಡಿನ ಶಕ್ತಿಯನ್ನು ಅವಲಂಬಿಸಿವೆ. ಆದುದರಿಂದ ಉಸಿರಾಟದ ವ್ಯಾಯಾಮವು ಆಸ್ಪತ್ರೆಯ ನಾಲ್ಕು ಗೋಡೆಗಳಿಗೆ ಮಾತ್ರ ಸೇರಿದ ವಿಷಯವಲ್ಲ, ತಜ್ಞರ ಮಾರ್ಗದರ್ಶನದಲ್ಲಿ ಶಾಲೆಯ ದಿನಚರಿಯಲ್ಲಿ ಅದಕ್ಕೊಂದು ನಿಶ್ಚಿತ ಸ್ಥಾನ ದೊರೆಯಬೇಕು ಎಂಬ ವಿಚಾರವನ್ನು ಶಿಕ್ಷಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಗಂಭೀರವಾಗಿ ಪರಿಶೀಲಿಸುವುದು ಅವಶ್ಯಕ.

ಈ ಸ್ಥಿತಿಯನ್ನು ವೈದ್ಯಕೀಯ ದೃಷ್ಟಿಯಿಂದ ಮೊದಲು ವಿವರವಾಗಿ ಬಣ್ಣಿಸಿದವರಲ್ಲಿ ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಜಾನ್ ಲಿಟ್ಲ್ ಪ್ರಮುಖನು. ಬಹುಕಾಲ ಇದಕ್ಕೆ 'ಲಿಟ್ಲ್‌ನ ರೋಗ' ಎಂಬ ಹೆಸರೇ ರೂಢಿಯಲ್ಲಿತ್ತು. ಅನಂತರ 1889ರಲ್ಲಿ ವಿಲಿಯಂ ಆಸ್ಲರ್ ಈ ವಿಷಯವಾಗಿಯೇ ಒಂದು ಗ್ರಂಥವನ್ನು ಪ್ರಕಟಿಸಿದನು. ಮನಶ್ಶಾಸ್ತ್ರಕ್ಕೆ ಹೆಸರಾದ ಸಿಗ್ಮಂಡ್ ಫ್ರಾಯ್ಡ್ ಸಹ ತನ್ನ ವೃತ್ತಿಜೀವನದ ಮೊದಲ ಘಟ್ಟದಲ್ಲಿ ನರರೋಗತಜ್ಞನಾಗಿ ಇದನ್ನೇ ಅಭ್ಯಸಿಸಿ 1897ರಲ್ಲಿ ದೊಡ್ಡ ಗ್ರಂಥವನ್ನು ಹೊರತಂದನು. ಮಗು ಗರ್ಭದಲ್ಲಿರುವಾಗ, ಹೆರಿಗೆಯ ಸಮಯದಲ್ಲಿ ಅಥವಾ ಶೈಶವದಲ್ಲಿ, ಇನ್ನೂ ಬೆಳೆಯುತ್ತಿರುವ ಮಿದುಳಿಗೆ ಆಗುವ ಹಾನಿಯೇ ಇದರ ಮೂಲ. ದಿನ ತುಂಬುವ ಮೊದಲೇ ಆಗುವ ಜನನ, ಹೆರಿಗೆಯಲ್ಲಿ ಪ್ರಾಣವಾಯುವಿನ ಅಭಾವ, ನವಜಾತ ಶಿಶುವಿನ ತೀವ್ರ ಕಾಮಾಲೆ, ಮಿದುಳಿನ ಸೋಂಕು ಮೊದಲಾದವು ಇದಕ್ಕೆ ಕಾರಣವಾಗಬಹುದು. ಸಾವಿರ ಜನನಗಳಿಗೆ ಸುಮಾರು ಎರಡರಂತೆ ಇದು ಕಾಣಿಸಿಕೊಳ್ಳುತ್ತದೆಂದು ಬಹುಕಾಲದಿಂದ ಅಂದಾಜು ಮಾಡಲಾಗಿದೆ. ಇದು ಅಂಟುವ ರೋಗವಲ್ಲ. ಯಾರ ಪಾಪದ ಫಲವೂ ಅಲ್ಲ. ಮಿದುಳಿಗಾದ ಹಾನಿ ಮುಂದೆ ಬೆಳೆಯುತ್ತ ಹೋಗುವುದೂ ಇಲ್ಲ. ಆದರೆ ಮಗು ಬೆಳೆದಂತೆ ಬಿಗಿದ ಸ್ನಾಯುಗಳು ಎಲುಬುಗಳನ್ನು ಎಳೆದು, ಬೆನ್ನನ್ನು ಬಾಗಿಸಿ, ಮೂಲ ಹಾನಿಯ ಪರಿಣಾಮಗಳನ್ನು ಹೆಚ್ಚಿಸಬಲ್ಲವು. ಇವರಲ್ಲಿ ಬುದ್ಧಿಶಕ್ತಿಗೆ ಯಾವ ಕುಂದೂ ಇಲ್ಲದ ಮಕ್ಕಳು ಬಹಳ ಮಂದಿ ಇದ್ದಾರೆ. ಮಾತು ತೊದಲುತ್ತದೆಂಬ ಒಂದೇ ಕಾರಣದಿಂದ ಅಂತಹವರನ್ನು ಮಂದಮತಿಗಳೆಂದು ಎಣಿಸುವುದು ದೊಡ್ಡ ಅನ್ಯಾಯ.

ಇನ್ನು ಉಸಿರಿನ ವಿಚಾರ. ಉಸಿರಾಡುವವು ಶ್ವಾಸಕೋಶಗಳಾದರೂ ಅವುಗಳಿಗೆ ಸ್ವಂತ ಚಲನೆಯಿಲ್ಲ. ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದಂತೆ ಹರಡಿರುವ ವಪೆಯೆಂಬ ಸ್ನಾಯು ಕೆಳಗಿಳಿದಾಗ, ಪಕ್ಕೆಲುಬುಗಳ ನಡುವಣ ಸ್ನಾಯುಗಳು ಎದೆಗೂಡನ್ನು ಅರಳಿಸಿದಾಗ ಗಾಳಿ ಒಳಬರುತ್ತದೆ. ಇವು ಸಡಿಲಿದಾಗ ಗಾಳಿ ಹೊರಹೋಗುತ್ತದೆ. ಜೋರಾಗಿ ಕೆಮ್ಮಬೇಕಾದರೆ, ಕೂಗಬೇಕಾದರೆ ಹೊಟ್ಟೆಯ ಸ್ನಾಯುಗಳು ಬಲವಾಗಿ ಒತ್ತಬೇಕು. ಈ ಎಲ್ಲ ಸ್ನಾಯುಗಳಿಗೂ ಅಪ್ಪಣೆ ಹೋಗುವುದು ಮಿದುಳಿನಿಂದ. ಕೈಕಾಲುಗಳಿಗೆ ಹೋಗುವ ಅಪ್ಪಣೆ ಏರುಪೇರಾದ ಮಗುವಿನಲ್ಲಿ ಎದೆ ಹೊಟ್ಟೆಗಳಿಗೆ ಹೋಗುವ ಅಪ್ಪಣೆಯೂ ಏರುಪೇರಾಗುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಸ್ನಾಯುಗಳು ಕೆಲವೆಡೆ ಬಿಗಿದು ಕೆಲವೆಡೆ ಸಡಿಲವಾಗಿ, ಮಗುವಿನ ಉಸಿರು ಮೇಲುಮೇಲಿನದಾಗುತ್ತದೆ. ಮುಂಡ ನೆಟ್ಟಗೆ ನಿಲ್ಲದ ಕಾರಣ ಎದೆಗೂಡು ಕುಗ್ಗುತ್ತದೆ. ಓಡಿ, ಹತ್ತಿ, ಜಿಗಿದು ಆಡುವ ಮಗುವಿಗೆ ದಿನಕ್ಕೆ ಹತ್ತಾರು ಬಾರಿ ದೊರೆಯುವ ಆಳವಾದ ಉಸಿರಿನ ಅಭ್ಯಾಸ, ಕುಳಿತಲ್ಲಿಯೇ ಕುಳಿತಿರುವ ಈ ಮಗುವಿಗೆ ದೊರೆಯುವುದೇ ಇಲ್ಲ.

ಇದರ ಫಲ ಎರಡು ಬಗೆಯದು. ಮೊದಲನೆಯದು ಕೆಮ್ಮಿನ ದೌರ್ಬಲ್ಯ. ಕೆಮ್ಮು ಕೇವಲ ರೋಗಲಕ್ಷಣವಲ್ಲ, ಅದು ಶ್ವಾಸಮಾರ್ಗದ ಕಾವಲುಗಾರ. ಆಳವಾಗಿ ಉಸಿರೆಳೆದು, ಗಂಟಲಿನ ಬಾಗಿಲನ್ನು ಕ್ಷಣಕಾಲ ಮುಚ್ಚಿ, ಹೊಟ್ಟೆಯ ಬಲದಿಂದ ಒಮ್ಮೆಗೇ ಗಾಳಿಯನ್ನು ಹೊರದೂಡಿದಾಗಲೇ ಕಫ ಹೊರಬರುತ್ತದೆ. ಈ ಮೂರರಲ್ಲಿ ಒಂದು ತಪ್ಪಿದರೂ ಕಫ ಒಳಗೇ ಉಳಿಯುತ್ತದೆ. ನುಂಗುವ ಕ್ರಿಯೆಯಲ್ಲಿಯೂ ತೊಡಕಿರುವ ಮಕ್ಕಳಲ್ಲಿ ಆಹಾರದ ಕಣ ಮತ್ತು ಜೊಲ್ಲು ಶ್ವಾಸಮಾರ್ಗಕ್ಕೆ ಇಳಿದು ಸೋಂಕಿಗೆ ಎಡೆಮಾಡುತ್ತವೆ. ಹೀಗಾಗಿ ಸಾಧಾರಣ ನೆಗಡಿಯೂ ನ್ಯುಮೋನಿಯಾಕ್ಕೆ ತಿರುಗುವ ಭಯ ಇವರಿಗೆ ಹೆಚ್ಚು. ತೀವ್ರ ಸ್ವರೂಪದ ಸೆರೆಬ್ರಲ್ ಪಾಲ್ಸಿ ಇರುವವರಲ್ಲಿ ಅಕಾಲ ಮರಣಕ್ಕೆ ಶ್ವಾಸಸಂಬಂಧವಾದ ಕಾಯಿಲೆಗಳೇ ಮುಖ್ಯ ಕಾರಣವೆಂಬುದು ಹಲವು ದೇಶಗಳ ಅನುಭವ. ಎರಡನೆಯದು ಮಾತಿನ ದೌರ್ಬಲ್ಯ. ಮಾತೆಂಬುದು ಹೊರಹೋಗುವ ಉಸಿರಿನ ಮೇಲೆ ಸಾಗುವ ದೋಣಿ. ಉಸಿರು ಬೇಗನೆ ತೀರಿದರೆ ಮಾತು ನಡುನೀರಿನಲ್ಲಿಯೇ ನಿಲ್ಲುತ್ತದೆ. ಬೆಳಗಿನ ಹಾಜರಿ ಕರೆಯುವಾಗ ತನ್ನ ಹೆಸರಿಗೆ ಮಗು ಉತ್ತರ ಕೊಡುವಷ್ಟರಲ್ಲಿ ಉಪಾಧ್ಯಾಯರು ಮುಂದಿನ ಹೆಸರಿಗೆ ಹೋಗಿರುತ್ತಾರೆ. ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಅದು ತುಟಿಯವರೆಗೆ ಬರುವ ಮುನ್ನವೇ ಉಸಿರು ಮುಗಿದಿರುತ್ತದೆ. ಇಂತಹ ಮಗು ಕ್ರಮೇಣ ಮೌನವನ್ನು ಅಭ್ಯಾಸಮಾಡಿಕೊಳ್ಳುತ್ತದೆ. ಆ ಮೌನವನ್ನು ತರಗತಿ ಅಜ್ಞಾನವೆಂದು ಓದುತ್ತದೆ.

ಶ್ವಾಸಕೋಶಗಳ ಸಾಮರ್ಥ್ಯವನ್ನು ಅಳೆಯುವ ವಿದ್ಯೆ ಹೊಸದೇನಲ್ಲ. ಲಂಡನ್ನಿನ ಜಾನ್ ಹಚಿನ್‌ಸನ್ ಎಂಬ ವೈದ್ಯನು 1846ರಲ್ಲಿಯೇ ತಾನು ರೂಪಿಸಿದ ಸ್ಪೈರೋಮೀಟರ್ ಯಂತ್ರದ ನೆರವಿನಿಂದ ಸಾವಿರಾರು ಜನರ ಉಸಿರನ್ನು ಅಳೆದು, ಪೂರ್ಣ ಉಸಿರೆಳೆದು ಪೂರ್ಣವಾಗಿ ಹೊರಬಿಡಬಹುದಾದ ಗಾಳಿಯ ಪ್ರಮಾಣಕ್ಕೆ 'ಜೀವಧಾರಣಾ ಸಾಮರ್ಥ್ಯ' ಎಂಬರ್ಥದ ಹೆಸರನ್ನು ಕೊಟ್ಟನು. ಇಂದು ಅದೇ ತತ್ತ್ವದ ಮೇಲೆ, ಬಲವಾಗಿ ಊದಿದಾಗ ಒಟ್ಟು ಎಷ್ಟು ಗಾಳಿ ಹೊರಬರುತ್ತದೆ, ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಬರುತ್ತದೆ, ಅತಿ ಹೆಚ್ಚಿನ ವೇಗ ಎಷ್ಟು ಎಂಬುದನ್ನು ಕೈಯಲ್ಲಿ ಹಿಡಿಯುವಂತಹ ಸಾಧನಗಳಿಂದಲೇ ಅಳೆಯಬಹುದಾಗಿದೆ. ಸೆರೆಬ್ರಲ್ ಪಾಲ್ಸಿಯುಳ್ಳ ಮಕ್ಕಳನ್ನು ಹೀಗೆ ಪರೀಕ್ಷಿಸಿದಾಗ, ಚೆನ್ನಾಗಿ ನಡೆದಾಡುವ ಮಕ್ಕಳಲ್ಲಿಯೂ ಈ ಅಳತೆಗಳು ಓರಗೆಯ ಮಕ್ಕಳಿಗಿಂತ ಕಡಿಮೆಯಿರುವುದು ಕಂಡುಬಂದಿದೆ. ಚಲನಶಕ್ತಿ ಕುಂದಿದಷ್ಟೂ ಕೊರತೆ ಹೆಚ್ಚು.

ಈ ಕೊರತೆಯನ್ನು ವ್ಯಾಯಾಮದಿಂದ ತುಂಬಲು ಸಾಧ್ಯವೇ ಎಂಬುದು ಸಹಜವಾದ ಪ್ರಶ್ನೆ. ಸ್ವಲ್ಪಮಟ್ಟಿಗೆ ಸಾಧ್ಯ ಎಂಬುದು ಈವರೆಗಿನ ಸಂಶೋಧನೆಗಳ ಉತ್ತರ. ದಕ್ಷಿಣ ಕೊರಿಯಾದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೆರೆಬ್ರಲ್ ಪಾಲ್ಸಿಯುಳ್ಳ 50 ಮಕ್ಕಳನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಎರಡೂ ಗುಂಪುಗಳಿಗೆ ಎಂದಿನ ಪುನಶ್ಚೇತನ ಚಿಕಿತ್ಸೆ ನಡೆಯಿತು. ಒಂದು ಗುಂಪಿಗೆ ಮಾತ್ರ ನಾಲ್ಕು ವಾರ ಇನ್ಸೆಂಟಿವ್ ಸ್ಪೈರೋಮೀಟರ್ ಎಂಬ ಸರಳ ಸಾಧನದಿಂದ ಉಸಿರೆಳೆಯುವ ಅಭ್ಯಾಸವನ್ನು ಹೆಚ್ಚುವರಿಯಾಗಿ ಮಾಡಿಸಲಾಯಿತು. ಆ ಗುಂಪಿನ ಮಕ್ಕಳ ಶ್ವಾಸಸಾಮರ್ಥ್ಯ ಹೆಚ್ಚಿದುದಲ್ಲದೆ, ಒಂದೇ ಉಸಿರಿನಲ್ಲಿ ಸ್ವರವನ್ನು ಹಿಡಿದು ನಿಲ್ಲಿಸುವ ಅವಧಿಯೂ ಹೆಚ್ಚಿತು. ಈ ಕೊನೆಯ ಅಂಶವನ್ನು ಶಿಕ್ಷಕರು ವಿಶೇಷವಾಗಿ ಗಮನಿಸಬೇಕು. ಶ್ವಾಸಕೋಶದ ಲಾಭವು ಧ್ವನಿಯ ಲಾಭವೂ ಆಯಿತೆಂಬುದು ಅದರ ಅರ್ಥ. ಒಳಬರುವ ಗಾಳಿಗೆ ಸ್ಪ್ರಿಂಗ್ ಕವಾಟದಿಂದ ಹಿತವಾದ ಪ್ರತಿರೋಧ ಒಡ್ಡಿ, ಉಸಿರೆಳೆಯುವ ಸ್ನಾಯುಗಳನ್ನು ಬಲಪಡಿಸುವ ಇನ್ನೊಂದು ಬಗೆಯ ಅಭ್ಯಾಸವನ್ನೂ ಬೇರೆ ಸಂಶೋಧಕರು ಪರೀಕ್ಷಿಸಿ, ಸ್ನಾಯುಬಲ ಹೆಚ್ಚಿದುದನ್ನು ಕಂಡಿದ್ದಾರೆ.

ಆದರೆ ಸತ್ಯವನ್ನು ಹಿಗ್ಗಿಸಿ ಹೇಳುವುದು ಒಳಿತಲ್ಲ. ಈ ಅಧ್ಯಯನಗಳೆಲ್ಲ ಚಿಕ್ಕವು, ಕೆಲವೇ ವಾರಗಳ ಅವಧಿಯವು. ಅಭ್ಯಾಸ ನಿಲ್ಲಿಸಿದ ಮೇಲೂ ಲಾಭ ಉಳಿಯುವುದೆಂದಾಗಲಿ, ಆಸ್ಪತ್ರೆಗೆ ಸೇರುವ ಸಂದರ್ಭಗಳು ಕಡಿಮೆಯಾಗುವುವೆಂದಾಗಲಿ ಇವುಗಳಿಂದ ಸಿದ್ಧವಾಗಿಲ್ಲ. ಹೇಳಿದುದನ್ನು ಗ್ರಹಿಸಿ ಅನುಸರಿಸಬಲ್ಲ ಮಕ್ಕಳೇ ಇವುಗಳಲ್ಲಿ ಹೆಚ್ಚಾಗಿ ಪಾಲ್ಗೊಂಡವರು. ತೀರ ಅಶಕ್ತರಾದ ಮಕ್ಕಳಿಗೆ ಇದೇ ಫಲ ದೊರೆಯುವುದೆಂದು ಭರವಸೆ ಕೊಡಲಾಗದು. ಉಸಿರಾಟದ ಅಭ್ಯಾಸದಿಂದ ಮಿದುಳಿನ ಹಾನಿ ವಾಸಿಯಾಗುವುದಿಲ್ಲ, ಕಾಲು ನೆಟ್ಟಗಾಗುವುದಿಲ್ಲ. ಇಲ್ಲದ ಪವಾಡವನ್ನು ಆಶ್ವಾಸನೆ ಕೊಟ್ಟು ಬಡ ತಂದೆತಾಯಿಗಳ ಹಣವನ್ನೂ ಆಸೆಯನ್ನೂ ಸುಲಿಯುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ವಿದ್ಯಾಸಂಸ್ಥೆಗಳು ಅಂತಹ ಮಾತಿಗೆ ತಮ್ಮ ವೇದಿಕೆಯನ್ನು ಒದಗಿಸಬಾರದು. ಹೇಳಬಹುದಾದುದು ಇಷ್ಟು: ಅಭ್ಯಾಸ ಅಗ್ಗವಾದುದು, ಸರಿಯಾಗಿ ಮಾಡಿಸಿದರೆ ಅಪಾಯ ಕಡಿಮೆ, ಲಾಭದ ಸಂಭವ ನಿಜವಾದುದು. ಇಷ್ಟು ಸಾಕ್ಷ್ಯ ದಿನಕ್ಕೆ ಹತ್ತು ನಿಮಿಷವನ್ನು ಕೇಳಲು ಸಾಲದೆ?

ಅಭ್ಯಾಸಗಳ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಉಚಿತ. ಎಲ್ಲಕ್ಕಿಂತ ಮೊದಲಿನದು ಆಸನ, ಅಂದರೆ ಕುಳಿತುಕೊಳ್ಳುವ ಕ್ರಮ. ಬೆನ್ನಿಗೆ ಆಸರೆಯಿಲ್ಲದೆ, ಪಾದಗಳು ನೆಲಕ್ಕೆ ತಾಗದೆ, ಒಂದು ಪಕ್ಕಕ್ಕೆ ಕುಸಿದು ಕುಳಿತ ಮಗುವಿಗೆ ಯಾವ ವ್ಯಾಯಾಮವೂ ಫಲಿಸದು. ಊರಿನ ಬಡಗಿಯೊಬ್ಬನು ತಜ್ಞರ ಅಳತೆಯಂತೆ ಮಾಡಿಕೊಡುವ ಮರದ ಕುರ್ಚಿ, ಎದುರಿಗೊಂದು ಹಲಗೆ, ಪಾದಕ್ಕೊಂದು ಮಣೆ ಇಷ್ಟರಿಂದಲೇ ಎದೆಗೂಡು ಎಷ್ಟೋ ಅರಳುತ್ತದೆ. ಎರಡನೆಯದು ಮಗುವಿನ ಹೊಟ್ಟೆಯ ಮೇಲೆ ಮೃದುವಾಗಿ ಕೈಯಿಟ್ಟು, ಉಸಿರೆಳೆದಾಗ ಕೈ ಮೇಲೇಳುವಂತೆ ಕಲಿಸುವ ವಪೆಯ ಉಸಿರಾಟ. ಮೂರನೆಯದು ಊದುವ ಆಟಗಳು. ಮೇಜಿನ ಮೇಲಿಟ್ಟ ಹತ್ತಿಯ ಉಂಡೆಯನ್ನು ಊದಿ ಗೆರೆ ದಾಟಿಸುವುದು, ತಟ್ಟೆಯ ನೀರಿನಲ್ಲಿ ಕಾಗದದ ದೋಣಿಯನ್ನು ಊದಿ ಸಾಗಿಸುವುದು, ಕಾಗದದ ಗಿರಗಿಟ್ಟೆಯನ್ನು ತಿರುಗಿಸುವುದು, ಸಾಬೂನಿನ ಗುಳ್ಳೆ ಹಾರಿಸುವುದು, ಪೀಪಿ ಊದುವುದು ಇವೆಲ್ಲ ಮಗುವಿಗೆ ಆಟ, ಸ್ನಾಯುವಿಗೆ ಪಾಠ. ನಾಲ್ಕನೆಯದು ಮೇಲೆ ಹೇಳಿದ ಸ್ಪೈರೋಮೀಟರ್ ಸಾಧನ. ಪಾರದರ್ಶಕ ಕೊಳವೆಗಳಲ್ಲಿರುವ ಮೂರು ಚೆಂಡುಗಳು ಉಸಿರೆಳೆದಂತೆ ಮೇಲೇರುವುದನ್ನು ಕಂಡು ಮಗುವಿಗೆ ಉತ್ಸಾಹ ಹುಟ್ಟುತ್ತದೆ. ಕೆಲವು ನೂರು ರೂಪಾಯಿಗಳಿಗೆ ಔಷಧಿಯ ಅಂಗಡಿಗಳಲ್ಲಿ ಅದು ದೊರೆಯುತ್ತದೆ.

ಇವುಗಳ ಜೊತೆಗೆ, ಯಾವ ಸಾಧನವೂ ಬೇಡದ ಒಂದು ಉಪಾಯ ಕನ್ನಡ ತರಗತಿಯಲ್ಲಿಯೇ ಇದೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು ಎಂದು ಮಕ್ಕಳು ವ್ಯಾಕರಣದಲ್ಲಿ ಕಲಿಯುತ್ತಾರೆ. 'ಅ' ಎಂಬಲ್ಲಿಂದ 'ಆ' ಎಂಬಲ್ಲಿಗೆ, ಅಲ್ಲಿಂದ ದೂರದವರನ್ನು ಕೂಗುವ 'ಅಣ್ಣಾ...' ಎಂಬ ಪ್ಲುತಕ್ಕೆ ಸ್ವರವನ್ನು ಎಳೆಯುವುದು ಉಸಿರನ್ನು ಹದವಾಗಿ ಹೊರಬಿಡುವ ಅಭ್ಯಾಸವೇ ಸರಿ. 'ಕ' ಮತ್ತು 'ಖ', 'ಪ' ಮತ್ತು 'ಫ' ಇವುಗಳನ್ನು ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಉಚ್ಚರಿಸಿ, ಮಹಾಪ್ರಾಣದ ಗಾಳಿ ಅಂಗೈಗೆ ತಾಗುವುದನ್ನು ಕಾಣುವುದು ಎಲ್ಲ ಮಕ್ಕಳಿಗೂ ಒಳ್ಳೆಯ ಭಾಷಾಪಾಠ, ಈ ಮಗುವಿಗೆ ಅದರ ಜೊತೆಗೆ ಉಸಿರಿನ ಪಾಠ. ಬೆಳಗಿನ ಸಾಮೂಹಿಕ ಪ್ರಾರ್ಥನೆಯೂ ವಚನಗಾಯನವೂ ಹೀಗೆಯೇ. ಹಾಡಿನಲ್ಲಿ ಉಸಿರನ್ನು ಬೇಗನೆ ಎಳೆದುಕೊಂಡು ನಿಧಾನವಾಗಿ ಖರ್ಚುಮಾಡಬೇಕಾಗುತ್ತದೆ. ಈ ಮಗುವನ್ನು ಪ್ರಾರ್ಥನೆಯ ವೇಳೆ ತರಗತಿಯಲ್ಲಿಯೇ ಕೂರಿಸಿಬಿಡುವ ಬದಲು ಸಾಲಿನ ಮುಂದೆ, ಅದರ ಕುರ್ಚಿಯಲ್ಲಿಯೇ, ಜೊತೆಯವರ ನಡುವೆ ಕೂರಿಸಿದರೆ ಶಾಲೆಗೆ ಒಂದು ಕಾಸೂ ಖರ್ಚಿಲ್ಲ. ಇದರಲ್ಲಿ ಇನ್ನೊಂದು ಔಚಿತ್ಯವೂ ಇದೆ. ಇಡೀ ತರಗತಿ ಜೊತೆಗೂಡಿ ಮಾಡುವ ಅಭ್ಯಾಸದಲ್ಲಿ ಯಾವ ಮಗುವೂ ರೋಗಿಯಾಗಿ ಬೇರ್ಪಡುವುದಿಲ್ಲ.

ಇಲ್ಲಿ ಕೆಲವು ಎಚ್ಚರಿಕೆಗಳನ್ನು ಒತ್ತಿಹೇಳಬೇಕಾಗಿದೆ. ಯೋಗಾಭ್ಯಾಸಕ್ಕೆ ಹೆಸರಾದ ವಿದ್ಯಾಸಂಸ್ಥೆಗಳಲ್ಲಿ ಪ್ರಾಣಾಯಾಮದ ಬಗೆಗೆ ಸಹಜವಾದ ಶ್ರದ್ಧೆಯಿರುತ್ತದೆ. ಆ ಶ್ರದ್ಧೆ ಗೌರವಾರ್ಹ. ಆದರೆ ಆರೋಗ್ಯವಂತರಿಗೆ ಹೇಳಿದ ಕ್ರಮವನ್ನು ಹಾಗೆಯೇ ಈ ಮಕ್ಕಳಿಗೆ ಅನ್ವಯಿಸುವುದು ಅಪಾಯಕರ. ಸೆರೆಬ್ರಲ್ ಪಾಲ್ಸಿಯುಳ್ಳ ಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರಿಗಾದರೂ ಅಪಸ್ಮಾರ, ಅಂದರೆ ಮೂರ್ಛೆರೋಗ ಇರುವ ಸಂಭವವುಂಟು. ವೇಗವಾಗಿ ಉಸಿರಾಡುವುದರಿಂದ ಕೆಲವು ಬಗೆಯ ಮೂರ್ಛೆ ಪ್ರಚೋದಿತವಾಗುತ್ತದೆಂಬುದು ವೈದ್ಯರಿಗೆ ಚೆನ್ನಾಗಿ ಗೊತ್ತು. ಮಿದುಳಿನ ವಿದ್ಯುತ್ ಪರೀಕ್ಷೆಯಲ್ಲಿ ಅದನ್ನು ಕಂಡುಹಿಡಿಯಲೆಂದೇ ಮಗುವಿಗೆ ಕೆಲವು ನಿಮಿಷ ವೇಗವಾಗಿ ಉಸಿರಾಡಲು ಹೇಳುವುದುಂಟು. ಆದುದರಿಂದ ಕಪಾಲಭಾತಿ, ಭಸ್ತ್ರಿಕಾ ಮೊದಲಾದ ರಭಸದ ಕ್ರಿಯೆಗಳನ್ನೂ, ಉಸಿರನ್ನು ಬಿಗಿಹಿಡಿಯುವ ಕುಂಭಕವನ್ನೂ ಈ ಮಕ್ಕಳಿಂದ ಮಾಡಿಸತಕ್ಕದ್ದಲ್ಲ. ಊಟವಾದ ಕೂಡಲೆ ಯಾವ ಅಭ್ಯಾಸವೂ ಕೂಡದು, ಏಕೆಂದರೆ ತಿಂದುದು ಮೇಲಕ್ಕೆ ಬಂದು ಶ್ವಾಸಮಾರ್ಗಕ್ಕೆ ಇಳಿಯಬಹುದು. ನುಂಗಲು ತೊಂದರೆಯಿರುವ ಮಗುವಿಗೆ ಕೊಳವೆಯಿಂದ ನೀರಿನಲ್ಲಿ ಗುಳ್ಳೆ ಎಬ್ಬಿಸುವ ಆಟ ಬೇಡ. ರಬ್ಬರಿನ ಬಲೂನು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಅದನ್ನು ದೂರವಿಡುವುದೇ ಲೇಸು. ಒಂದೇ ಪೀಪಿಯನ್ನು ಹಲವು ಮಕ್ಕಳ ಬಾಯಿಗೆ ಇಡಬಾರದು. ತಲೆಸುತ್ತು, ತುಟಿ ನೀಲಿಯಾಗುವುದು, ದಣಿವು ಕಂಡೊಡನೆ ನಿಲ್ಲಿಸಬೇಕು. ಜ್ವರ ಅಥವಾ ಎದೆಯಲ್ಲಿ ಕಫ ಇರುವ ದಿನ ವೈದ್ಯರ ಮಾತಿಲ್ಲದೆ ಮುಂದುವರಿಯಬಾರದು. ಮಗುವನ್ನು ಒಮ್ಮೆ ಮಕ್ಕಳ ವೈದ್ಯರೂ ಫಿಸಿಯೋಥೆರಪಿ ತಜ್ಞರೂ ಪರೀಕ್ಷಿಸಿ ಬರೆದುಕೊಟ್ಟ ಕ್ರಮವನ್ನೇ ಶಿಕ್ಷಕರು ಅನುಸರಿಸಬೇಕು, ತಾವಾಗಿ ಕ್ರಮವನ್ನು ಕಟ್ಟಬಾರದು.

ಸೂಚನೆಗಳನ್ನು ಅನುಸರಿಸಲಾರದ ಮಕ್ಕಳ ಗತಿಯೇನು ಎಂದು ಯಾರಾದರೂ ಕೇಳಬಹುದು. ಕುಳಿತಿರಲೂ ಆಸರೆ ಬೇಕಾದ ಮಗು ಗಿರಗಿಟ್ಟೆಯನ್ನು ಊದಲಾರದು. ಕೆನಡಾದ ತಜ್ಞರು 1997ರಲ್ಲಿ ಈ ಮಕ್ಕಳ ಚಲನಶಕ್ತಿಯನ್ನು ಐದು ಹಂತಗಳಾಗಿ ವಿಂಗಡಿಸಿದ ಕ್ರಮ ಈಗ ಲೋಕದಾದ್ಯಂತ ಬಳಕೆಯಲ್ಲಿದೆ. ಅದರ ನಾಲ್ಕನೆಯ ಮತ್ತು ಐದನೆಯ ಹಂತಗಳಲ್ಲಿರುವ ಮಕ್ಕಳಿಗೇ ಶ್ವಾಸದ ಭಯ ಅತ್ಯಧಿಕ. ಇವರ ಪಾಲಿಗೆ ವ್ಯಾಯಾಮವೆಂದರೆ ಬೇರೆಯವರು ಮಾಡುವ ಸೇವೆ. ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಬಿಡದೆ ಮಗ್ಗುಲು ಬದಲಿಸುವುದು, ನೆಟ್ಟಗೆ ಕೂರಿಸಿ ಸಣ್ಣ ತುತ್ತುಗಳಲ್ಲಿ ಉಣಿಸುವುದು, ಹಲ್ಲು ಮತ್ತು ಬಾಯನ್ನು ಶುಚಿಯಾಗಿಡುವುದು, ತಜ್ಞರು ಕಲಿಸಿದಂತೆ ಕೆಮ್ಮಿಗೆ ಕೈಯಾಸರೆ ಕೊಡುವುದು, ಕಾಲಕಾಲಕ್ಕೆ ಲಸಿಕೆ ಹಾಕಿಸುವುದು, ಸೌದೆಯ ಹೊಗೆ, ಬೀಡಿಯ ಹೊಗೆ, ಸೀಮೆಸುಣ್ಣದ ಧೂಳು ಇವುಗಳಿಂದ ದೂರವಿಡುವುದು, ನಗಿಸುವುದು. ನಗುವೂ ಆಳವಾದ ಉಸಿರನ್ನು ತರುತ್ತದೆಂಬುದನ್ನು ಮರೆಯಬಾರದು.

'ಇದೆಲ್ಲ ಆಸ್ಪತ್ರೆಯ ಕೆಲಸ, ಶಾಲೆಗೇಕೆ ಈ ಹೊರೆ?' ಎಂಬ ಆಕ್ಷೇಪಣೆ ನಿರೀಕ್ಷಿತವೇ. ಪಾಠ, ಪರೀಕ್ಷೆ, ಗಣತಿ, ವರದಿ ಇವುಗಳ ನಡುವೆ ಸಿಲುಕಿದ ಉಪಾಧ್ಯಾಯರ ಕಷ್ಟ ಸುಳ್ಳಲ್ಲ. ಆದರೆ ಆಸ್ಪತ್ರೆ ಮಗುವನ್ನು ತಿಂಗಳಿಗೊಮ್ಮೆ ಕಾಣುತ್ತದೆ, ಶಾಲೆ ಪ್ರತಿದಿನ ಕಾಣುತ್ತದೆ. ಸ್ನಾಯುಗಳು ಬಲಗೊಳ್ಳುವುದು ನಿತ್ಯಾಭ್ಯಾಸದಿಂದ, ತಿಂಗಳಿಗೊಮ್ಮೆಯ ಭೇಟಿಯಿಂದಲ್ಲ. ಹಳ್ಳಿಯ ತಾಯಿಯೊಬ್ಬಳು ಬೆಳೆದ ಮಗನನ್ನು ಸೊಂಟದ ಮೇಲೆ ಹೊತ್ತು, ಎರಡು ಬಸ್ಸು ಬದಲಿಸಿ, ಒಂದು ದಿನದ ಕೂಲಿ ಕಳೆದುಕೊಂಡು ಜಿಲ್ಲಾ ಆಸ್ಪತ್ರೆಗೆ ಹೋಗಿಬರುವುದನ್ನು ನೆನೆದರೆ, ಆ ಹೊರೆಯಲ್ಲಿ ಹತ್ತು ನಿಮಿಷದಷ್ಟನ್ನು ಶಾಲೆ ಹೊರುವುದು ಹೆಚ್ಚಿನ ಮಾತಲ್ಲ. ವಾಸಿಯಾಗದ ಮಗುವಿಗೆ ಇಷ್ಟು ಶ್ರಮವೇಕೆ ಎಂಬ ಇನ್ನೊಂದು ಮಾತು ಬಾಯಿಬಿಟ್ಟು ಹೇಳದಿದ್ದರೂ ಹಲವರ ಮನಸ್ಸಿನಲ್ಲಿರುತ್ತದೆ. ಶಿಕ್ಷಣವು ಎಂದೂ ಮಗುವನ್ನು ಬೇರೆ ಮಗುವನ್ನಾಗಿ ಮಾಡುವ ಉದ್ಯಮವಾಗಿರಲಿಲ್ಲ. ಇರುವ ಶಕ್ತಿಯನ್ನು ಅದರ ಎಲ್ಲೆಯವರೆಗೆ ಬೆಳೆಸುವುದೇ ಅದರ ಕೆಲಸ. ಮೂರು ಮಾತಿಗೆ ಉಸಿರು ತೀರುತ್ತಿದ್ದ ಮಗು ಐದು ಮಾತುಗಳ ಒಂದು ವಾಕ್ಯವನ್ನು ಮುಗಿಸಿತೆಂದರೆ, ಅಂಕಪಟ್ಟಿಯಲ್ಲಿ ಕಾಣದ ಆ ಎರಡು ಮಾತು ಯಾವ ಪ್ರಥಮ ದರ್ಜೆಗೂ ಕಡಿಮೆಯಲ್ಲ.

ಶಾಸನವೂ ಈ ದಿಕ್ಕಿನಲ್ಲಿಯೇ ಬೆರಳು ತೋರುತ್ತದೆ. 1995ರ ಕಾಯಿದೆಯ ಸ್ಥಾನದಲ್ಲಿ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಒಂದು. ನಿಗದಿತ ಪ್ರಮಾಣದ ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕಿದೆ. ಸರ್ಕಾರದ ನೆರವು ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂತಹ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಂಡು ಅಗತ್ಯವಾದ ಆಸರೆ ಒದಗಿಸಬೇಕೆಂಬುದು ಅದರ ಆಶಯ. ಮಠಗಳ ಆಶ್ರಯದ ಮಾನ್ಯತೆ ಪಡೆದ ಶಾಲೆಗಳೂ ಈ ಮಾತಿಗೆ ಹೊರತಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ನಡೆಯುವ ನಿರಾಮಯ ವಿಮೆಯು ಈ ಮಕ್ಕಳ ಚಿಕಿತ್ಸೆಗೆ ಒಂದು ಲಕ್ಷ ರೂಪಾಯಿಗಳವರೆಗೆ ನೆರವಾಗುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡಗಳು ಶಾಲೆ ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುವ ವ್ಯವಸ್ಥೆಯಿದೆ. ಕರ್ನಾಟಕದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರಿದ್ದಾರೆ. ಮುಂಬಯಿಯಲ್ಲಿ 1972ರಲ್ಲಿ ಮಿಥು ಆಲೂರ್ ಅವರು ಸ್ಪಾಸ್ಟಿಕ್ಸ್ ಸೊಸೈಟಿಯನ್ನು ಸ್ಥಾಪಿಸಿದಂದಿನಿಂದ ಈ ದೇಶದಲ್ಲಿ ಈ ಮಕ್ಕಳ ಶಿಕ್ಷಣಕ್ಕೊಂದು ಪರಂಪರೆ ಬೆಳೆದುಬಂದಿದೆ. ಬೆಂಗಳೂರಿನ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, ಮಾತಿನ ವಿಷಯದಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂತಹ ಸಂಸ್ಥೆಗಳು ಕನ್ನಡನಾಡಿನಲ್ಲಿಯೇ ಇವೆ. ಕೊರತೆಯಿರುವುದು ತಜ್ಞತೆಯನ್ನು ಹಳ್ಳಿಯ ತರಗತಿಗೆ ತಲುಪಿಸುವ ಸೇತುವೆಯಲ್ಲಿ.

ಆ ಸೇತುವೆಯನ್ನು ಕಟ್ಟುವುದರಲ್ಲಿ ದಾನಿಗಳ ಮತ್ತು ಹಳೆಯ ವಿದ್ಯಾರ್ಥಿಗಳ ಪಾತ್ರ ಹಿರಿದು. ವಾರ್ಷಿಕೋತ್ಸವದ ವೇದಿಕೆಯಲ್ಲಿ ಗಾಲಿಕುರ್ಚಿಗಳನ್ನು ಹಂಚಿ ಛಾಯಾಚಿತ್ರ ತೆಗೆಸಿಕೊಳ್ಳುವುದು ಸುಲಭ. ಅಳತೆ ನೋಡದೆ ಕೊಟ್ಟ ಆ ಕುರ್ಚಿಯಲ್ಲಿ ಮಗು ಕುಸಿದು ಕುಳಿತು ಅದರ ಉಸಿರು ಇನ್ನಷ್ಟು ಕುಗ್ಗಬಹುದೆಂಬುದು ಕೊಟ್ಟವರಿಗೂ ತಿಳಿದಿರುವುದಿಲ್ಲ, ಪಡೆದವರಿಗೂ ತಿಳಿದಿರುವುದಿಲ್ಲ. ಕಟ್ಟಡಕ್ಕೆ ಕೊಟ್ಟ ದಾನ ಕಲ್ಲಿನಲ್ಲಿ ಕಾಣುತ್ತದೆ. ಫಿಸಿಯೋಥೆರಪಿ ತಜ್ಞರೊಬ್ಬರು ತಿಂಗಳಿಗೆ ಎರಡು ಬಾರಿ ಶಾಲೆಗೆ ಬಂದುಹೋಗುವ ಸಂಭಾವನೆಗೆ ಕೊಟ್ಟ ದಾನ ಯಾವ ಕಲ್ಲಿನಲ್ಲಿಯೂ ಕಾಣದು. ಆದರೂ ಮಗುವಿಗೆ ಮೊದಲು ಬೇಕಾದುದು ಅದೇ. ವಸ್ತುವಿಗಿಂತ ವ್ಯಕ್ತಿಯ ವೇಳೆಗೆ ದಾನ ಕೊಡುವ ಪದ್ಧತಿ ಬೆಳೆಯಬೇಕು. ವೈದ್ಯರೂ ಚಿಕಿತ್ಸಕರೂ ಆಗಿರುವ ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಂದು ದಿನವನ್ನು ತಾವು ಓದಿದ ಶಾಲೆಗೆ ಮೀಸಲಿಡಬಹುದು. ಇಬ್ಬರು ಶಿಕ್ಷಕರಿಗೆ ಕೆಲವು ದಿನಗಳ ತರಬೇತಿ, ಮಗುವಿಗೊಂದು ಸಾಧನ, ಅಳತೆಯ ಒಂದು ಕುರ್ಚಿ, ತಿಂಗಳಿಗೊಮ್ಮೆ ಉಸಿರಿನ ಅಳತೆಯನ್ನೂ ಕಾಯಿಲೆಯಿಂದ ತಪ್ಪಿದ ದಿನಗಳನ್ನೂ ಬರೆದಿಡುವ ಒಂದು ದಫ್ತರ. ಒಂದು ಶಾಲೆಯ ಆರಂಭಕ್ಕೆ ಇಷ್ಟು ಸಾಕು. ಲೆಕ್ಕವಿಟ್ಟಾಗಲೇ ಯಾವುದು ಫಲಿಸಿತು, ಯಾವುದು ಫಲಿಸಲಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಫಲಿಸದಿದ್ದುದನ್ನು ಬಿಟ್ಟುಬಿಡುವ ಧೈರ್ಯವೂ ಬರುತ್ತದೆ.

ಮಠಗಳ ವಿದ್ಯಾಸಂಸ್ಥೆಗಳು ಹಸಿದ ಮಕ್ಕಳಿಗೆ ಅನ್ನವಿಕ್ಕಿ, ಆಸರೆಯಿಲ್ಲದವರಿಗೆ ಸೂರು ಕೊಟ್ಟು, ಅನಂತರ ಅಕ್ಷರವನ್ನು ಕಲಿಸಿದವು. ಹಸಿದ ಹೊಟ್ಟೆಗೆ ವಿದ್ಯೆ ಹತ್ತದೆಂಬ ವಿವೇಕ ಅದರ ಹಿಂದಿತ್ತು. ಉಸಿರು ಸಾಲದ ಎದೆಗೂ ವಿದ್ಯೆ ಹತ್ತುವುದು ಕಷ್ಟವೆಂಬುದು ಅದೇ ವಿವೇಕದ ಮುಂದಿನ ಹೆಜ್ಜೆ. ಬರುವ ಶಾಲಾವರ್ಷದ ವೇಳಾಪಟ್ಟಿಯನ್ನು ಸಿದ್ಧಪಡಿಸುವಾಗ ಮುಖ್ಯೋಪಾಧ್ಯಾಯರು ಈ ಮಕ್ಕಳಿಗಾಗಿ ಹತ್ತು ನಿಮಿಷದ ಒಂದು ಗೆರೆಯನ್ನು ಅದರಲ್ಲಿ ಸೇರಿಸುವುದಾದರೆ, ಆ ಸಮಯವನ್ನು ಅರ್ಥಪೂರ್ಣಗೊಳಿಸಲು ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಮುಂದೆ ಬರುವುದಾದರೆ, ಈ ನಾಡಿನ ಶಾಲೆಗಳಲ್ಲಿ ಇಲ್ಲಿಯವರೆಗೆ ಕೇಳಿಸದಿದ್ದ ಕೆಲವು ದನಿಗಳು ಮೆಲ್ಲನೆ ಕೇಳಿಸತೊಡಗುವುವು.